ಹಳೇ ಅಂಬಾಸಿಡರ್ ವೈರಿಂಗ್: ಬಿಚ್ಚುವ ಮೊದಲು ಅಳೆಯಿರಿ

ಚೋಕ್ ಎಳೆಯಲು ಕೈ ಹಾಕಿದರೆ ಗುಂಡಿ ಬಿಸಿಯಾಗಿತ್ತು. ಆಗತಾನೇ ಬಗ್ಗಿಸಿಕೊಟ್ಟ ಕಾಫಿ ಲೋಟ ಮುಟ್ಟಿದ ಹಾಗೆ. ಮೈಸೂರಿಂದ ಮಂಡ್ಯಕ್ಕೆ ವಾಪಸ್ ಬರುವಾಗ ತೂಬಿನಕೆರೆ ಹತ್ತಿರ ಟೀ ಕುಡಿಯಲು ನಿಲ್ಲಿಸಿದ್ದೆ. ನಮ್ಮ ಅಂಬಾಸಿಡರ್ ಮತ್ತೆ ಸ್ಟಾರ್ಟ್ ಆಗಲಿಲ್ಲ. ಸೆಲ್ಫ್ ಹೊಡೆದರೆ 'ಟಕ್' ಅನ್ನುತ್ತದೆ, ಅಷ್ಟೇ. ಹದಿನೈದು ದಿನದ ಹಿಂದೆ ಒಂದು ವರ್ಕ್‌ಶಾಪಿನಲ್ಲಿ ಇದೇ ತೊಂದರೆ ಹೇಳಿ, ಹೊಸ ಬ್ಯಾಟರಿ ಹಾಕಿಸಿ, ಸೆಲ್ಫ್ ಮೋಟರ್ ರೀವೈಂಡಿಂಗ್ ಕೂಡ ಮಾಡಿಸಿದ್ದೆ. ದುಡ್ಡು ಹೋಗಿತ್ತು, ತೊಂದರೆ ಹೋಗಿರಲಿಲ್ಲ.

ಟ್ರ್ಯಾಕ್ಟರ್ ವೈರಿಂಗ್ ಮಾಡುವ ಯಜಮಾನರೊಬ್ಬರು ಬಂದರು. ಬೋನೆಟ್ ಎತ್ತಿ, ಟಾರ್ಚ್ ಬಿಟ್ಟು, ಇಂಜಿನ್ ಪಕ್ಕದಿಂದ ತಂತಿ ಹೆಣೆದ ಒಂದು ಪಟ್ಟಿ ಎತ್ತಿ ತೋರಿಸಿದರು. ಎರಡು ಎಳೆ ಬಿಟ್ಟರೆ ಉಳಿದದ್ದೆಲ್ಲ ಕಿಲುಬು ತಿಂದು ಉದುರಿತ್ತು. "ನೋಡಿ ಸಾ, ಇಂಜಿನ್‌ಗೆ ಅರ್ತೇ ಇಲ್ಲ. ಕರೆಂಟು ಚೋಕ್ ವೈರಲ್ಲಿ ವಾಪಸ್ ಓಯ್ತದೆ. ಇನ್ನೆರಡು ಸಲ ಹೊಡ್ದಿದ್ರೆ ವೈರೇ ಕೆಂಪಗಾಗೋದು" ಅಂದರು. ಬ್ಯಾಟರಿಯ ನೆಗೆಟಿವ್‌ನಿಂದ ಇಂಜಿನ್ನಿಗೆ ಒಂದು ಜಂಪರ್ ಕೇಬಲ್ ಕಚ್ಚಿಸಿದರು. ಗಾಡಿ ಮೊದಲ ಸುತ್ತಿಗೇ ಎದ್ದಿತು.

ಅವತ್ತಿನಿಂದ ಒಂದು ನಿಯಮ ಇಟ್ಟುಕೊಂಡಿದ್ದೇನೆ. ಮೀಟರ್ ಹಿಡಿದು ನೋಡದೆ ಯಾವ ಪಾರ್ಟನ್ನೂ ಬಿಚ್ಚುವುದಿಲ್ಲ. ಹಳೇ ಗಾಡಿಯಲ್ಲಿ ವೈರು ನಡುವೆ ತುಂಡಾಗುವುದು ಅಪರೂಪ. ಕೆಡುವುದು ವೈರಿನ ತುದಿ. ಸ್ಕ್ರೂ ಕೂತ ಜಾಗ, ಲಗ್ಸ್ (ವೈರಿನ ತುದಿಯ ಲೋಹದ ಕೊಂಡಿ) ಒತ್ತಿದ ಜಾಗ, ಅರ್ತ್ (ಕರೆಂಟು ಬ್ಯಾಟರಿಗೆ ವಾಪಸ್ ಹೋಗುವ ದಾರಿ) ಗಾಡಿಯ ತಗಡಿಗೆ ಮುಟ್ಟಿದ ಜಾಗ.

ಇಲ್ಲಿ ಬರೆದದ್ದು ಅಂಬಾಸಿಡರ್ ನೋಡಿಕೊಂಡು. ಪ್ರೀಮಿಯರ್ ಪದ್ಮಿನಿ ಕಾರು ಇರುವವರಿಗೂ ಬಹುಪಾಲು ಹೊಂದುತ್ತದೆ.

ಮೊದಲು ಬೇಕಾದದ್ದು

ಒಂದು ಡಿಜಿಟಲ್ ಮಲ್ಟಿಮೀಟರ್, ದುಬಾರಿಯದೇನೂ ಬೇಡ. ಒಂದು ಟೆಸ್ಟ್ ಲ್ಯಾಂಪ್. ಇದನ್ನು ನೀವೇ ಮಾಡಿಕೊಳ್ಳಬಹುದು: 12 ವೋಲ್ಟಿನ ಬಲ್ಬು, ಹೋಲ್ಡರ್, ಎರಡು ಮೊಳ ವೈರು, ತುದಿಗೆ ಎರಡು ಕ್ಲಿಪ್ಪು. 5 ವ್ಯಾಟಿನದೊಂದು, 21 ವ್ಯಾಟಿನದೊಂದು ಮಾಡಿಟ್ಟುಕೊಳ್ಳಿ, ಎರಡಕ್ಕೂ ಬೇರೆ ಬೇರೆ ಕೆಲಸ ಇದೆ. ಜೊತೆಗೆ ಉಪ್ಪು ಕಾಗದ, ವೈರ್ ಬ್ರಷ್, ಲಗ್ಸ್ ಒತ್ತುವ ಕ್ರಿಂಪಿಂಗ್ ಪ್ಲೈಯರ್, ವ್ಯಾಸಲೀನ್ ಡಬ್ಬಿ. ಒಂದು ನೋಟ್ ಪುಸ್ತಕ, ಪೆನ್ನು. ವೈರು ಕಳಚುವ ಮುಂಚೆ ಫೋನಿನಲ್ಲಿ ಫೋಟೋ ತೆಗೆಯಿರಿ, ಎಲ್ಲಿಂದ ಕಳಚಿದ್ದು ಅಂತ ಟೇಪಿನ ಮೇಲೆ ಬರೆದು ವೈರಿಗೆ ಅಂಟಿಸಿ. ನೆನಪಿರುತ್ತದೆ ಅಂದುಕೊಳ್ಳುತ್ತೇವೆ, ಊಟ ಮಾಡಿ ಬರುವಷ್ಟರಲ್ಲಿ ಮರೆತಿರುತ್ತದೆ.

ಕೈಯಲ್ಲಿರುವ ಉಂಗುರ, ವಾಚು, ಕಡಗ ತೆಗೆದಿಡಿ. 12 ವೋಲ್ಟ್ ಶಾಕ್ ಹೊಡೆಯುವುದಿಲ್ಲ, ನಿಜ. ಆದರೆ ಪಾಸಿಟಿವ್‌ಗೂ ಬಾಡಿಗೂ ನಡುವೆ ಉಂಗುರ ಸಿಕ್ಕಿಕೊಂಡರೆ ಒಂದು ಕ್ಷಣದಲ್ಲಿ ಕೆಂಡವಾಗುತ್ತದೆ. ಬ್ಯಾಟರಿ ಕಳಚುವಾಗ ಮೊದಲು ನೆಗೆಟಿವ್ ತೆಗೆಯಿರಿ, ಹಾಕುವಾಗ ಕೊನೆಗೆ ನೆಗೆಟಿವ್ ಹಾಕಿ. ಹೀಗೆ ಮಾಡಿದರೆ ಪಾಸಿಟಿವ್ ಬಿಚ್ಚುವಾಗ ಸ್ಪ್ಯಾನರ್ ಬಾಡಿಗೆ ತಗುಲಿದರೂ ಕಿಡಿ ಹಾರುವುದಿಲ್ಲ. ತುಂಬಾ ಹಳೆಯ ಕೆಲವು ಬ್ರಿಟಿಷ್ ಗಾಡಿಗಳಲ್ಲಿ ಪಾಸಿಟಿವ್ ಅನ್ನೇ ಗಾಡಿಯ ತಗಡಿಗೆ ಸೇರಿಸಿರುತ್ತಾರೆ. ಅಂಥ ಗಾಡಿ ಕೈಗೆ ಬಂದರೆ ತಗಡಿಗೆ ಹೋದ ದಪ್ಪ ಕೇಬಲ್ ಯಾವುದು ಅಂತ ಮೊದಲು ನೋಡಿ, ಅದನ್ನೇ ಮೊದಲು ಕಳಚಿ. ಪೆಟ್ರೋಲ್ ವಾಸನೆ ಬರುತ್ತಿದ್ದರೆ ವೈರಿಂಗ್ ಕೆಲಸ ಮುಟ್ಟಲೇಬೇಡಿ, ಲೀಕ್ ಸರಿಮಾಡಿಸಿ ಆಮೇಲೆ ಕೂತುಕೊಳ್ಳಿ. ಚಾರ್ಜ್ ಆಗುತ್ತಿರುವ ಬ್ಯಾಟರಿಯಿಂದ ಹೈಡ್ರೋಜನ್ ಬರುತ್ತದೆ. ಪಕ್ಕದಲ್ಲಿ ನಿಂತು ಸಲಹೆ ಕೊಡುವವರ ಬೀಡಿಯನ್ನು ದೂರ ಕಳಿಸಿ.

ಬ್ಯಾಟರಿಯಿಂದ ಶುರು

ಮೀಟರನ್ನು 20 ವೋಲ್ಟ್ ಡಿಸಿಗೆ ತಿರುಗಿಸಿ. ರಾತ್ರಿಯೆಲ್ಲ ನಿಂತ ಗಾಡಿಯಲ್ಲಿ ಬೆಳಿಗ್ಗೆ ಬ್ಯಾಟರಿ ನೋಡಿ. 12.6 ಇದ್ದರೆ ಪೂರ್ತಿ ತುಂಬಿದೆ. 12.2 ಅಂದರೆ ಅರ್ಧ. 12ಕ್ಕಿಂತ ಕೆಳಗಿದ್ದರೆ ಮೊದಲು ಹೊರಗಿನ ಚಾರ್ಜರಿನಲ್ಲಿ ಚಾರ್ಜ್ ಮಾಡಿ. ಇಲ್ಲದಿದ್ದರೆ ಮುಂದಿನ ಯಾವ ಅಳತೆಯನ್ನೂ ನಂಬುವ ಹಾಗಿಲ್ಲ. ಆಮೇಲೆ ಇನ್ನೊಬ್ಬರಿಗೆ ಸೆಲ್ಫ್ ಹೊಡೆಯಲು ಹೇಳಿ, ಮೀಟರ್ ನೋಡುತ್ತಿರಿ. 10ರ ಆಸುಪಾಸಿನಲ್ಲಿ ನಿಂತರೆ ಪರವಾಗಿಲ್ಲ. 8ಕ್ಕೋ 7ಕ್ಕೋ ಕುಸಿದರೆ ಬ್ಯಾಟರಿ ಸೋತಿದೆ, ಇಲ್ಲವೇ ಸೆಲ್ಫ್ ಮೋಟರ್ ಒಳಗೆ ಹಿಡಿದುಕೊಂಡಿದೆ.

ಈಗ ಗಮನವಿಟ್ಟು ನೋಡಬೇಕಾದದ್ದು: ಸೆಲ್ಫ್ ತಿರುಗುತ್ತಿಲ್ಲ, ಆದರೆ ಬ್ಯಾಟರಿ 12.3ರಲ್ಲೇ ಗಟ್ಟಿಯಾಗಿ ನಿಂತಿದೆ. ಇದರ ಅರ್ಥ ಬ್ಯಾಟರಿಯಿಂದ ಬೇಕಾದಷ್ಟು ಕರೆಂಟು ಹೊರಗೆ ಹೋಗುತ್ತಿಲ್ಲ. ದಾರಿಯಲ್ಲಿ ಎಲ್ಲೋ ತಡೆ ಇದೆ. ನನ್ನ ಗಾಡಿಯಲ್ಲಿ ಆಗಿದ್ದು ಇದೇ. ಅವತ್ತು ವರ್ಕ್‌ಶಾಪಿನಲ್ಲಿ ಯಾರಾದರೂ ಈ ಒಂದು ಅಳತೆ ತೆಗೆದಿದ್ದರೆ ಬ್ಯಾಟರಿ ದುಡ್ಡು ಉಳಿಯುತ್ತಿತ್ತು.

ಟರ್ಮಿನಲ್ ಮೇಲೆ ಬೆಳ್ಳಗೆ, ನೀಲಿಗೆ ಪುಡಿ ಬೆಳೆದಿದ್ದರೆ ಬಿಸಿನೀರಿಗೆ ಅಡುಗೆ ಸೋಡಾ ಹಾಕಿ ತೊಳೆಯಿರಿ. ಆ ನೀರು ಬ್ಯಾಟರಿ ಒಳಗೆ ಇಳಿಯಬಾರದು. ಒಣಗಿದ ಮೇಲೆ ಬ್ಯಾಟರಿಯ ಸೀಸದ ಕಂಬವನ್ನೂ ಅದಕ್ಕೆ ಕೂರುವ ಕ್ಲ್ಯಾಂಪಿನ ಒಳಮೈಯನ್ನೂ ಹೊಳೆಯುವ ತನಕ ಉಜ್ಜಿ, ಬಿಗಿಮಾಡಿ, ಮೇಲೆ ವ್ಯಾಸಲೀನ್ ಹಚ್ಚಿ.

ಅರ್ತ್ ಹುಡುಕುವ ಬಗೆ

ಮನೆ ವೈರಿಂಗ್‌ನಲ್ಲಿ ಹೋಗಲು ಒಂದು ವೈರು, ಬರಲು ಒಂದು ವೈರು. ಗಾಡಿಯಲ್ಲಿ ಹೋಗಲು ಮಾತ್ರ ವೈರು, ವಾಪಸ್ ಬರುವುದು ಬಾಡಿಯ ತಗಡಿನಲ್ಲಿ. ಇಂಜಿನ್ ಕೂತಿರುವುದು ರಬ್ಬರ್ ಮೌಂಟಿಂಗ್ ಮೇಲೆ. ರಬ್ಬರಿನಲ್ಲಿ ಕರೆಂಟು ಹರಿಯುವುದಿಲ್ಲ. ಅದಕ್ಕೇ ಇಂಜಿನ್ನಿಗೂ ಬಾಡಿಗೂ ನಡುವೆ ಆ ಹೆಣೆದ ಪಟ್ಟಿ. ಅದು ಹೋದರೆ ಸೆಲ್ಫ್ ಎಳೆಯುವ ನೂರೈವತ್ತು, ಇನ್ನೂರು ಆಂಪಿಯರ್ ಕರೆಂಟು ಚೋಕ್ ಕೇಬಲ್, ಆಕ್ಸಿಲರೇಟರ್ ಕೇಬಲ್, ಸ್ಪೀಡೋಮೀಟರ್ ಕೇಬಲ್ ಹೀಗೆ ಸಿಕ್ಕ ದಾರಿಯಲ್ಲಿ ನುಗ್ಗುತ್ತದೆ.

ಇಲ್ಲಿ ಬಹಳ ಜನ ಮಾಡುವ ಒಂದು ತಪ್ಪು ಹೇಳುತ್ತೇನೆ. ಮೀಟರನ್ನು ಬೀಪ್ ಸದ್ದಿಗೆ ಹಾಕಿ, ಪಟ್ಟಿಯ ಎರಡು ತುದಿ ಮುಟ್ಟಿಸಿ, 'ಬೀಪ್ ಅಂತು, ಅರ್ತ್ ಸರಿ ಇದೆ' ಅಂತಾರೆ. ಇಪ್ಪತ್ತು ಎಳೆಯಲ್ಲಿ ಒಂದು ಎಳೆ ಉಳಿದಿದ್ದರೂ ಬೀಪ್ ಅನ್ನುತ್ತದೆ! ಲೆಕ್ಕ ಹಾಕಿ ನೋಡಿ. ಜಾಯಿಂಟಿನಲ್ಲಿ ಬರೀ 0.03 ಓಮ್ ತಡೆ ಇದೆ ಅಂದುಕೊಳ್ಳಿ. ಸಾಮಾನ್ಯ ಮೀಟರಿಗೆ ಅದು ಸೊನ್ನೆಯಂತೆಯೇ ಕಾಣುತ್ತದೆ. ಆದರೆ 150 ಆಂಪಿಯರ್ ಹರಿಯುವಾಗ ಅಲ್ಲಿ 4.5 ವೋಲ್ಟ್ ಕಳೆದುಹೋಗುತ್ತದೆ. ಹನ್ನೆರಡರಲ್ಲಿ ನಾಲ್ಕೂವರೆ ದಾರಿಯಲ್ಲೇ ಸೋರಿದರೆ ಸೆಲ್ಫ್ ಹೇಗೆ ತಿರುಗೀತು?

ಹಾಗಾಗಿ ಕರೆಂಟು ಹರಿಯುವಾಗಲೇ ಅಳೆಯಬೇಕು. ಗೇರ್ ನ್ಯೂಟ್ರಲ್, ಹ್ಯಾಂಡ್ ಬ್ರೇಕ್ ಹಾಕಿ. ಗಾಡಿ ಸ್ಟಾರ್ಟ್ ಆಗದಿರಲಿ ಅಂತ ಇಗ್ನಿಷನ್ ಕಾಯಿಲ್‌ಗೆ (ಪ್ಲಗ್ಗಿನ ಕಿಡಿಗೆ ಕರೆಂಟು ಕೊಡುವುದು) ಬರುವ ಬಿಳಿ ವೈರು ಕಳಚಿ. ಅದರ ತುದಿಗೆ ಟೇಪ್ ಸುತ್ತಿ, ಕೀ ಹಾಕಿದಾಗ ಅದರಲ್ಲಿ ಕರೆಂಟು ಇರುತ್ತದೆ. ಮೀಟರಿನ ಕಪ್ಪು ಕಡ್ಡಿಯನ್ನು ಬ್ಯಾಟರಿಯ ನೆಗೆಟಿವ್ ಕಂಬದ ಮೇಲೆ ಇಡಿ. ಕ್ಲ್ಯಾಂಪಿನ ಮೇಲಲ್ಲ, ಸೀಸದ ಕಂಬದ ಮೇಲೇ. ಕೆಂಪು ಕಡ್ಡಿಯನ್ನು ಇಂಜಿನ್ ಬ್ಲಾಕಿನ ಬರಿ ಲೋಹಕ್ಕೆ ಒತ್ತಿ ಹಿಡಿಯಿರಿ. ಸೆಲ್ಫ್ ಹೊಡೆಸಿ. ಅರ್ಧ ವೋಲ್ಟಿಗಿಂತ ಜಾಸ್ತಿ ತೋರಿಸಿದರೆ ಆ ದಾರಿಯಲ್ಲಿ ತೊಂದರೆ ಇದೆ. ಈಗ ಕೆಂಪು ಕಡ್ಡಿಯನ್ನು ಹಿಂದಕ್ಕೆ ತನ್ನಿ: ಬ್ಲಾಕ್, ಪಟ್ಟಿಯ ಇಂಜಿನ್ ತುದಿ, ಪಟ್ಟಿಯ ಬಾಡಿ ತುದಿ, ಬ್ಯಾಟರಿ ಕೇಬಲ್ ಬಾಡಿಗೆ ಸೇರುವ ಬೋಲ್ಟು, ಕೊನೆಗೆ ಕ್ಲ್ಯಾಂಪು. ಎಲ್ಲಿ ದಾಟಿದಾಗ ಸಂಖ್ಯೆ ಧಡಕ್ಕನೆ ಇಳಿಯಿತೋ, ಕಿಲುಬು ಅಲ್ಲಿದೆ.

ಸರಿಮಾಡುವುದು ಸುಲಭ. ಬೋಲ್ಟ್ ಬಿಚ್ಚಿ, ಬಣ್ಣ ಮತ್ತು ತುಕ್ಕು ಹೋಗಿ ತಗಡು ಬೆಳ್ಳಗಾಗುವ ತನಕ ಉಜ್ಜಿ, ಸ್ಟಾರ್ ವಾಷರ್ ಹಾಕಿ ಬಿಗಿಮಾಡಿ, ಮೇಲೆ ವ್ಯಾಸಲೀನ್. ಗಾಡಿಗೆ ಹೊಸದಾಗಿ ಪೇಂಟಿಂಗ್ ಮಾಡಿಸಿದ ಮೇಲೆ ಲೈಟುಗಳೆಲ್ಲ ಕೈಕೊಟ್ಟರೆ ಬೇರೇನೂ ಯೋಚಿಸಬೇಡಿ. ಅರ್ತ್ ಜಾಗದ ಮೇಲೆಲ್ಲ ಬಣ್ಣ ಹೊಡೆದಿರುತ್ತಾರೆ.

ಹಿಂದಿನ ಲೈಟು ಆಡುವ ಆಟ

ಬ್ರೇಕ್ ಒತ್ತಿದರೆ ಇಂಡಿಕೇಟರ್ ಮಂದವಾಗಿ ಉರಿಯುತ್ತದೆ. ಇಂಡಿಕೇಟರ್ ಹಾಕಿದರೆ ಟೈಲ್ ಲೈಟೂ ಜೊತೆಗೆ ಮಿಟುಕುತ್ತದೆ. ಎಲ್ಲೋ ಎರಡು ವೈರು ಒಂದಕ್ಕೊಂದು ತಗುಲಿದೆ ಅಂತ ಡಿಕ್ಕಿಯ ಟೇಪನ್ನೆಲ್ಲ ಬಿಚ್ಚಿಹಾಕುವವರಿದ್ದಾರೆ. ಬೇಡ. ಆ ಲೈಟಿನ ಅರ್ತ್ ಹೋಗಿದೆ. ಟೈಲ್ ಮತ್ತು ಬ್ರೇಕಿಗೆ ಒಂದೇ ಬಲ್ಬಿನಲ್ಲಿ 5 ಮತ್ತು 21 ವ್ಯಾಟಿನ ಎರಡು ಫಿಲಮೆಂಟ್ ಇರುತ್ತವೆ. ಎರಡಕ್ಕೂ ಅರ್ತ್ ಒಂದೇ. ಅದು ಸಿಗದಿದ್ದಾಗ ಬ್ರೇಕಿನ ಕರೆಂಟು ಪಕ್ಕದ ಫಿಲಮೆಂಟಿನ ಮೂಲಕ, ಟೈಲ್ ಲೈಟಿನ ವೈರು ಹಿಡಿದು, ಆ ಕಡೆಯ ಲೈಟಿನಲ್ಲಿ ಅರ್ತ್ ಹುಡುಕಿಕೊಂಡು ಹೋಗುತ್ತದೆ.

ಬ್ಯಾಟರಿ ನೆಗೆಟಿವ್‌ನಿಂದ ಒಂದು ಉದ್ದ ವೈರು ತಂದು ಹೋಲ್ಡರಿನ ಲೋಹಕ್ಕೆ ಮುಟ್ಟಿಸಿ ನೋಡಿ. ಆಟ ನಿಂತರೆ ಕಾಯಿಲೆ ಗೊತ್ತಾಯಿತು. ಹೋಲ್ಡರನ್ನು ಕೂರಿಸಿದ ಸ್ಕ್ರೂ ಜಾಗ ಉಜ್ಜಿ. ಮತ್ತೆ ಮತ್ತೆ ಹೀಗೇ ಆದರೆ ಹೋಲ್ಡರಿನಿಂದ ಚಾಸಿಗೆ ಬೇರೆಯೇ ಒಂದು ಕಪ್ಪು ವೈರು ಎಳೆದುಬಿಡಿ.

ಹೆಡ್‌ಲೈಟು ಮಂಕು

ಬೀದಿ ದೀಪ ಇಲ್ಲದ ಊರ ರಸ್ತೆಯಲ್ಲಿ ಕಬ್ಬಿನ ಟ್ರ್ಯಾಕ್ಟರ್ ಲೈಟಿಲ್ಲದೆ ನಿಂತಿರುತ್ತದೆ. ಮಂಕು ಹೆಡ್‌ಲೈಟು ಅಂದರೆ ಹುಡುಗಾಟವಲ್ಲ. ಬಲ್ಬಿಗೆ ಹೋಗುವ ವೋಲ್ಟೇಜು ಹತ್ತು ಪರ್ಸೆಂಟ್ ಇಳಿದರೆ ಬೆಳಕು ಮೂವತ್ತು ಪರ್ಸೆಂಟಿನಷ್ಟು ಇಳಿಯುತ್ತದೆ. ಜಾಸ್ತಿ ವ್ಯಾಟಿನ ಬಲ್ಬು ಹಾಕಿದರೆ ಸರಿಹೋಗುತ್ತದೆ ಅಂದುಕೊಳ್ಳುವುದು ಸಹಜ. ಆದರೆ ಹಳೇ ಸ್ವಿಚ್ಚಿನಲ್ಲಿ ಅದು ಇನ್ನೂ ಬಿಸಿ ಹೆಚ್ಚಿಸುತ್ತದೆ, ಅಷ್ಟೇ.

ಲೈಟ್ ಹಾಕಿಕೊಂಡೇ ಅಳೆಯಿರಿ. ಕೆಂಪು ಕಡ್ಡಿ ಬ್ಯಾಟರಿಯ ಪಾಸಿಟಿವ್ ಕಂಬದ ಮೇಲೆ. ಕಪ್ಪು ಕಡ್ಡಿಯನ್ನು ಒಂದೊಂದೇ ಜಾಗಕ್ಕೆ ಒಯ್ಯಿರಿ. ನನ್ನ ಗಾಡಿಯಲ್ಲಿ ಸ್ವಿಚ್ಚಿಗೆ ಬರುವ ವೈರಿನಲ್ಲಿ 0.1, ಸ್ವಿಚ್ಚಿನಿಂದ ಹೊರಟ ವೈರಿನಲ್ಲಿ 0.3 ಸಿಕ್ಕಿತು. ಕಾಲಲ್ಲಿ ಒತ್ತುವ ಡಿಪ್ಪರ್ ಸ್ವಿಚ್ ದಾಟಿದ ಮೇಲೆ 1.6! ಆ ಸ್ವಿಚ್ಚು ಇರುವುದು ಚಪ್ಪಲಿಯ ಕೆಸರು ನೀರೆಲ್ಲ ಇಳಿಯುವ ಜಾಗದಲ್ಲಿ. ಬಿಚ್ಚಿದರೆ ಒಳಗಿನ ತಾಮ್ರ ಹಸಿರಾಗಿ ಕೂತಿತ್ತು. ಉಜ್ಜಿ ಹಾಕಿದ ಮೇಲೆ 0.5ಕ್ಕೆ ಇಳಿಯಿತು. ಪಾಸಿಟಿವ್ ಕಡೆ ಇಷ್ಟಾದರೆ, ಲೈಟಿನ ಅರ್ತ್ ಕಡೆಯೂ ಹಾಗೇ ನೋಡಿ, ಅಲ್ಲಿ 0.2ಕ್ಕಿಂತ ಜಾಸ್ತಿ ಇರಬಾರದು.

ಶಾಶ್ವತ ಪರಿಹಾರ ರಿಲೇ, ಅಂದರೆ ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಆನ್ ಮಾಡುವ ಸ್ವಿಚ್ಚು. 60 ವ್ಯಾಟಿನ ಎರಡು ಬಲ್ಬು ಅಂದರೆ 10 ಆಂಪಿಯರ್. ಅಷ್ಟನ್ನು ಐವತ್ತು ವರ್ಷದ ಸ್ವಿಚ್ಚಿನ ಮೇಲೆ ಯಾಕೆ ಹೊರಿಸಬೇಕು? ಹೈ ಬೀಮಿಗೆ ಒಂದು, ಡಿಪ್ಪಿಗೆ ಒಂದು ರಿಲೇ ತನ್ನಿ. ಕೆಳಗೆ ನಂಬರ್ ಇರುತ್ತದೆ. 30ಕ್ಕೆ ಬ್ಯಾಟರಿಯಿಂದ ಫ್ಯೂಸ್ ಮೂಲಕ ಹೊಸ ವೈರು, 87ರಿಂದ ಲೈಟಿಗೆ, 85 ಅರ್ತಿಗೆ, ಮೊದಲು ಲೈಟಿಗೆ ಹೋಗುತ್ತಿದ್ದ ಹಳೇ ವೈರು 86ಕ್ಕೆ. ಇದಕ್ಕೆ ಮನೆ ವೈರಿಂಗ್‌ನ ಗಟ್ಟಿ ತಂತಿ ಬೇಡ. ಗಾಡಿ ಅಲುಗಾಟಕ್ಕೆ ಅದು ಮುರಿಯುತ್ತದೆ. ತೆಳು ಎಳೆಗಳ ಆಟೋ ವೈರನ್ನೇ ಕೇಳಿ ತನ್ನಿ, 2.5 ಚದರ ಮಿಲಿಮೀಟರಿನದು ಸಾಕು.

ಬಣ್ಣ ನೋಡಿ, ಆದರೆ ನಂಬಿಬಿಡಬೇಡಿ

ಅಂಬಾಸಿಡರ್ ಹುಟ್ಟಿದ್ದು ಬ್ರಿಟನ್ನಿನ ಮಾರಿಸ್ ಆಕ್ಸ್‌ಫರ್ಡ್ ಸೀರೀಸ್ 3ರಿಂದ. ವೈರಿನ ಬಣ್ಣಗಳೂ ಅಲ್ಲಿಯ ಲೂಕಾಸ್ (ಗಾಡಿಯ ಎಲೆಕ್ಟ್ರಿಕ್ ಸಾಮಾನು ಮಾಡುವ ಕಂಪನಿ) ಪದ್ಧತಿಯವು. ಕಂದು ವೈರಿನಲ್ಲಿ ಕೀ ಇಲ್ಲದಿದ್ದರೂ ಸದಾ ಕರೆಂಟು. ಬಿಳಿ, ಕೀ ತಿರುಗಿಸಿದರೆ. ಹಸಿರು ಕೂಡ ಕೀಯಿಂದಲೇ, ಆದರೆ ಫ್ಯೂಸ್ ದಾಟಿ ಬಂದದ್ದು. ನೇರಳೆ, ಸದಾ ಕರೆಂಟಿರುವ ಫ್ಯೂಸಿನದು, ಹಾರ್ನ್ ಇತ್ಯಾದಿಗೆ. ಕೆಂಪು ಪಾರ್ಕ್ ಮತ್ತು ಟೈಲ್ ಲೈಟು. ನೀಲಿ ಹೆಡ್‌ಲೈಟು: ಬಿಳಿ ಗೆರೆ ಇದ್ದರೆ ಹೈ, ಕೆಂಪು ಗೆರೆ ಇದ್ದರೆ ಡಿಪ್. ಹಸಿರಿನ ಮೇಲೆ ಕೆಂಪು ಗೆರೆ ಎಡ ಇಂಡಿಕೇಟರ್, ಬಿಳಿ ಗೆರೆ ಬಲದ್ದು. ಕಪ್ಪು ಅರ್ತ್. ಪದ್ಮಿನಿ ಫಿಯಟ್ ಮನೆತನದ್ದು, ಅದಕ್ಕೆ ಈ ಲೆಕ್ಕ ಹೊಂದುವುದಿಲ್ಲ.

ನಾಲ್ಕು ಕೈ ಬದಲಾದ ಗಾಡಿಯಲ್ಲಿ ನಾಲ್ಕು ಎಲೆಕ್ಟ್ರಿಷಿಯನ್‌ಗಳು ಅವತ್ತು ಅಂಗಡಿಯಲ್ಲಿ ಸಿಕ್ಕ ಬಣ್ಣ ಹಾಕಿರುತ್ತಾರೆ. ನನ್ನ ಗಾಡಿಯಲ್ಲಿ ಹಾರ್ನಿಗೆ ಹೋಗಿದ್ದದ್ದು ಗುಲಾಬಿ ಬಣ್ಣದ ಸ್ಪೀಕರ್ ವೈರು. ಬಣ್ಣ ಊಹೆಗೆ ಮಾತ್ರ, ಖಾತ್ರಿಗೆ ಟೆಸ್ಟ್ ಲ್ಯಾಂಪ್.

ಫ್ಯೂಸ್ ಮತ್ತೆ ಮತ್ತೆ ಹೋಗುತ್ತಿದ್ದರೆ

ಸಿಗರೇಟ್ ಪ್ಯಾಕಿನ ಬೇಗಡೆ ಸುತ್ತಬೇಡಿ, ತಾಮ್ರದ ತಂತಿ ಕಟ್ಟಬೇಡಿ. ಫ್ಯೂಸ್ ಸುಡದಿದ್ದರೆ ವೈರು ಸುಡುತ್ತದೆ. ಈ ಪದ್ಧತಿಯ ಹಳೇ ಗಾಡಿಗಳಲ್ಲಿ ಫ್ಯೂಸ್ ಇರುವುದೇ ಎರಡು, ಹೆಡ್‌ಲೈಟಿಗೆ ಅದೂ ಇಲ್ಲ. ಲೂಕಾಸ್ ಗಾಜಿನ ಫ್ಯೂಸಿನ ಮೇಲೆ 35 ಆಂಪ್ ಅಂತ ಇದ್ದರೆ ಅದು ಸುಟ್ಟುಹೋಗುವ ಮಿತಿ. ಸದಾ ಹೊರುವುದು 17 ಮಾತ್ರ. ಈಗಿನ ಬ್ಲೇಡ್ ಫ್ಯೂಸಿಗೆ ಬದಲಾಯಿಸುವವರು 35 ಅಂತ ಓದಿ 35ರದ್ದೇ ಹಾಕಿದರೆ ಎರಡು ಪಟ್ಟು ಆಗಿಬಿಡುತ್ತದೆ. 15ರದ್ದು, ಹೆಚ್ಚೆಂದರೆ 20ರದ್ದು ಹಾಕಿ. ಪದ್ಮಿನಿಯ ಪಿಂಗಾಣಿ ಫ್ಯೂಸು ಸುಟ್ಟಿರದಿದ್ದರೂ ಕಿಲುಬಿನಿಂದ ಸತ್ತಂತಿರುತ್ತದೆ. ಬೆರಳಲ್ಲಿ ಒಂದು ಸುತ್ತು ತಿರುಗಿಸಿ ನೋಡಿ.

ಶಾರ್ಟ್ ಹುಡುಕಲು ಡಜನ್ ಫ್ಯೂಸ್ ಸುಡಬೇಕಿಲ್ಲ. ಫ್ಯೂಸ್ ತೆಗೆದು ಅದರ ಎರಡು ಕ್ಲಿಪ್ಪಿಗೆ 21 ವ್ಯಾಟಿನ ಟೆಸ್ಟ್ ಲ್ಯಾಂಪ್ ಕಚ್ಚಿಸಿ. ಆ ಲೈನಿನ ಸ್ವಿಚ್ಚುಗಳೆಲ್ಲ ಆಫ್ ಇರಲಿ. ಶಾರ್ಟ್ ಇದ್ದರೆ ಬಲ್ಬು ಪೂರ್ತಿ ಬೆಳಗುತ್ತದೆ, ಬೇರೇನೂ ಸುಡುವುದಿಲ್ಲ. ಈಗ ಒಂದು ತುದಿಯಿಂದ ವೈರಿಂಗ್ ಅಲ್ಲಾಡಿಸುತ್ತಾ ಬನ್ನಿ. ತಗಡಿನ ತೂತು ದಾಟುವ ಜಾಗ, ಡೋರ್ ಕೀಲು, ಸ್ಟೇರಿಂಗ್ ಕಾಲಂ, ಸೈಲೆನ್ಸರ್ ಪಕ್ಕ. ಬಲ್ಬು ಆರಿತೋ, ಕೈ ಅಲ್ಲೇ ಇರಲಿ. ತೂತಿನ ರಬ್ಬರ್ ಬುಷ್ ಒಣಗಿ ಉದುರಿ, ತಗಡಿನ ಅಂಚು ವೈರನ್ನು ಕೊಯ್ದಿರುತ್ತದೆ. ಬರೀ ಟೇಪ್ ಸುತ್ತಿದರೆ ಆರು ತಿಂಗಳಿಗೆ ಮತ್ತೆ ಕೊಯ್ಯುತ್ತದೆ. ಬುಷ್ ಹೊಸದು ಹಾಕಿ.

ಇನ್ನು ಇಲಿ. ಕಬ್ಬು ಕಟಾವಾದ ಮೇಲೆ ಮಂಡ್ಯದ ಹಳ್ಳಿಗಳಲ್ಲಿ ಗದ್ದೆಯ ಇಲಿಯೆಲ್ಲ ಮನೆ ಕಡೆ ಬರುತ್ತವೆ. ಶೆಡ್ಡಿನಲ್ಲಿ ತಿಂಗಳುಗಟ್ಟಲೆ ನಿಂತ ಗಾಡಿ ಅವಕ್ಕೆ ಛತ್ರ. ನುಸಿ ಗುಳಿಗೆ ಇಟ್ಟು ನೋಡಿದೆ, ನಮ್ಮ ಇಲಿಗಳು ಅದನ್ನು ಪಕ್ಕಕ್ಕೆ ಸರಿಸಿ ಮಲಗಿದ್ದವು. ಬೋನೆಟ್ ತೆರೆದೇ ಇಟ್ಟು, ವಾರಕ್ಕೊಮ್ಮೆ ಗಾಡಿ ಓಡಿಸಿದ್ದೇ ಕೆಲಸ ಮಾಡಿತು.

ರಾತ್ರೋರಾತ್ರಿ ಬ್ಯಾಟರಿ ಇಳಿದರೆ

ನೆಗೆಟಿವ್ ಕ್ಲ್ಯಾಂಪ್ ಕಳಚಿ, ಕಂಬಕ್ಕೂ ಕ್ಲ್ಯಾಂಪಿಗೂ ನಡುವೆ ಮೀಟರನ್ನು 10 ಆಂಪಿಯರ್ ಗುರುತಿನಲ್ಲಿ ಸೇರಿಸಿ. ಎಲ್ಲ ಆಫ್ ಇರಬೇಕು, ಡೋರ್ ಮುಚ್ಚಿರಬೇಕು. ಹೀಗಿರುವಾಗ ಸೆಲ್ಫ್ ಹೊಡೆದರೆ ಮೀಟರ್ ಹೋಯಿತು. ಕಂಪ್ಯೂಟರ್ ಇಲ್ಲದ ಗಾಡಿ ಇದು, ಹೆಚ್ಚುಕಡಿಮೆ ಸೊನ್ನೆ ತೋರಿಸಬೇಕು. 0.05 ದಾಟಿದರೆ ಒಂದೊಂದೇ ಫ್ಯೂಸ್, ಒಂದೊಂದೇ ಕಂದು ವೈರು ಕಳಚುತ್ತಾ ಎಲ್ಲಿ ಇಳಿಯುತ್ತದೆ ನೋಡಿ. ಆಮೇಲೆ ಸೇರಿಸಿದ ಸ್ಟೀರಿಯೋದಲ್ಲೇ ಹೆಚ್ಚಾಗಿ ಸಿಗುತ್ತದೆ. ಆಲ್ಟರ್ನೇಟರ್ ಬದಲು ಹಳೇ ಡೈನಮೋ ಇರುವ ಗಾಡಿಯಾದರೆ ಕಟೌಟ್ (ಡೈನಮೋವನ್ನು ಬ್ಯಾಟರಿಗೆ ಸೇರಿಸುವ, ಬಿಡಿಸುವ ಸ್ವಿಚ್ಚು) ನೋಡಿ. ಅದರ ಪಾಯಿಂಟ್ ಅಂಟಿಕೊಂಡರೆ ಬ್ಯಾಟರಿ ಕರೆಂಟು ತಿರುಗಿ ಡೈನಮೋಗೆ ಹರಿದು ಅದನ್ನೇ ಸುಟ್ಟುಬಿಡುತ್ತದೆ.

ಚಾರ್ಜಿಂಗ್ ನೋಡುವುದು ಎರಡು ನಿಮಿಷದ ಕೆಲಸ. ಇಂಜಿನ್ ಸ್ವಲ್ಪ ರೇಸ್ ಮಾಡಿ ಬ್ಯಾಟರಿ ಮೇಲೆ ಅಳೆಯಿರಿ. 13.8ರಿಂದ 14.4ರೊಳಗೆ ಬರಬೇಕು. 15 ದಾಟಿದರೆ ಬ್ಯಾಟರಿ ನೀರು ಬೇಗ ಖಾಲಿಯಾಗುತ್ತದೆ, ಬಲ್ಬುಗಳು ಸಾಯುತ್ತವೆ. ಡೈನಮೋ ಐಡಲಿನಲ್ಲಿ ಚಾರ್ಜ್ ಮಾಡುವುದಿಲ್ಲ, ಸಿಗ್ನಲ್‌ನಲ್ಲಿ ಕೆಂಪು ದೀಪ ಮಿಣುಕಿದರೆ ಗಾಬರಿ ಬೇಡ. ಓಡುತ್ತಿರುವ ಇಂಜಿನ್ನಿನಲ್ಲಿ ಬ್ಯಾಟರಿ ಕ್ಲ್ಯಾಂಪ್ ಕಿತ್ತು 'ನೋಡಿ, ಓಡ್ತಾ ಇದೆ, ಚಾರ್ಜಿಂಗ್ ಸರಿ ಇದೆ' ಅನ್ನುವ ಅಭ್ಯಾಸ ಡೈನಮೋ ಕಾಲದ್ದು. ಆಲ್ಟರ್ನೇಟರ್ ಗಾಡಿಯಲ್ಲಿ ಹಾಗೆ ಮಾಡಿದರೆ ಒಳಗಿನ ಡಯೋಡ್ ಹೋಗುತ್ತದೆ. ಯಾರು ಮಾಡಲು ಬಂದರೂ ಕೈ ಹಿಡಿದು ನಿಲ್ಲಿಸಿ.

ತೇಪೆ ಯಾವಾಗ, ಹೊಸ ವೈರಿಂಗ್ ಯಾವಾಗ

ಒಂದು ವೈರನ್ನು ನಿಧಾನವಾಗಿ ಬಗ್ಗಿಸಿ. ಮೇಲಿನ ಹೊದಿಕೆ ಬಾಗಿದರೆ ತೇಪೆ ಸಾಕು: ಕೆಟ್ಟದ್ದನ್ನು ಕತ್ತರಿಸಿ, ಹೊಸ ಲಗ್ಸ್ ಒತ್ತಿ, ಜೋರಾಗಿ ಎಳೆದು ನೋಡಿ, ಮೇಲೆ ಹೀಟ್ ಶ್ರಿಂಕ್ ಸ್ಲೀವ್. ತಾಮ್ರ ಒಳಗೆಲ್ಲ ಕಪ್ಪಾಗಿದ್ದರೆ ಹೊಳೆಯುವ ತಾಮ್ರ ಸಿಗುವ ತನಕ ಹಿಂದಕ್ಕೆ ಕತ್ತರಿಸಿ. ಕಪ್ಪು ತಾಮ್ರದ ಮೇಲೆ ಲಗ್ಸ್ ಹಿಡಿಯುವುದಿಲ್ಲ. ಹೊದಿಕೆ ಹಪ್ಪಳದ ಹಾಗೆ ಪುಡಿಯಾದರೆ ಇಡೀ ವೈರಿಂಗ್ ಕಿಟ್ ಬದಲಾಯಿಸಬೇಕು. ಆಗ ಹಳೆಯದನ್ನು ಮೊದಲೇ ಕಿತ್ತು ಗುಜರಿಗೆ ಹಾಕಬೇಡಿ. ನೆಲದ ಮೇಲೆ ಹಾಸಿ ಅದೇ ಉದ್ದಕ್ಕೆ, ಅದೇ ಕವಲಿಗೆ ಹೊಸದನ್ನು ಹೊಂದಿಸಿ. ಇದಕ್ಕೆ ಟ್ರ್ಯಾಕ್ಟರ್ ಎಲೆಕ್ಟ್ರಿಷಿಯನ್‌ಗಳೇ ವಾಸಿ ಅನ್ನುವುದು ನನ್ನ ಅನುಭವ. ಅವರಿಗೆ ಬೆಳಗಾದರೆ ಇದೇ 12 ವೋಲ್ಟು, ಇದೇ ಕಿಲುಬು.

ಹೊಸ ವೈರಿಂಗ್ ಮುಗಿದ ಮೇಲೆ ಬ್ಯಾಟರಿಯನ್ನು ನೇರವಾಗಿ ಸೇರಿಸಬೇಡಿ. ನೆಗೆಟಿವ್ ಕಂಬಕ್ಕೂ ಕ್ಲ್ಯಾಂಪಿಗೂ ನಡುವೆ 5 ವ್ಯಾಟಿನ ಟೆಸ್ಟ್ ಲ್ಯಾಂಪ್ ಹಾಕಿ. ಉರಿಯದಿದ್ದರೆ ಕ್ಲ್ಯಾಂಪ್ ಕೂರಿಸಿ. ಉರಿದರೆ ವೈರಿಂಗ್ ಬಿಚ್ಚುವ ಮುಂಚೆ ಡೋರ್ ಸರಿಯಾಗಿ ಮುಚ್ಚಿದೆಯಾ ಅಂತ ನೋಡಿ. ನಾನು, ಯಜಮಾನರು, ನನ್ನ ತಮ್ಮ ಸೇರಿ ಅರ್ಧ ಗಂಟೆ ಹುಡುಕಿದ ಶಾರ್ಟು ಒಳಗಿನ ಛಾವಣಿ ದೀಪವಾಗಿತ್ತು.